ಅರಸನ ಮಾತು, ಅರಣ್ಯದ ಒಡೆತನ: ಟೋಲ್ಕಿನ್ನರ ಮಹಾಕಥನದಲ್ಲಿ ಘಾನ್-ಬುರಿ-ಘಾನ್

ಜೆ. ಆರ್. ಆರ್. ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದ ರಿಂಗ್ಸ್' ಕೃತಿಯನ್ನು ದೈವಶಾಸ್ತ್ರದ ದೃಷ್ಟಿಯಿಂದ ಓದುವವರು ಸಾಮಾನ್ಯವಾಗಿ ಮೂರು ಪಾತ್ರಗಳ ಬಳಿ ನಿಲ್ಲುತ್ತಾರೆ. ಉಂಗುರದ ಭಾರವನ್ನು ಹೊತ್ತು ನಡೆಯುವ ಫ್ರೋಡೋನಲ್ಲಿ ಯಾಜಕತ್ವವನ್ನು, ಸತ್ತು ಮರಳಿ ಬರುವ ಗ್ಯಾಂಡಾಲ್ಫನಲ್ಲಿ ಪ್ರವಾದಿತ್ವವನ್ನು, ಗಾಯಗೊಂಡವರನ್ನು ತನ್ನ ಕೈಗಳಿಂದ ಗುಣಪಡಿಸುವ ಅರಗಾರ್ನನಲ್ಲಿ ರಾಜತ್ವವನ್ನು ಅವರು ಕಾಣುತ್ತಾರೆ. ಈ ಓದು ನಿರಾಧಾರವಾದುದಲ್ಲ. ತಮ್ಮ ಕೃತಿ ಮೂಲತಃ ಧಾರ್ಮಿಕವಾದುದು, ಕಥೋಲಿಕವಾದುದು ಎಂದು ಟೋಲ್ಕಿನ್ನರೇ 1953ರ ಡಿಸೆಂಬರಿನಲ್ಲಿ ಯೇಸುಸಭೆಯ ರಾಬರ್ಟ್ ಮರ್ರೆಯವರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಅದೇ ಟೋಲ್ಕಿನ್ ಕೃತಿಯ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ರೂಪಕಕಥೆಯ ಬಗ್ಗೆ ತಮಗಿರುವ ಅರುಚಿಯನ್ನೂ ಸ್ಪಷ್ಟಪಡಿಸಿದ್ದಾರೆ. ಪಾತ್ರಗಳಿಗೆ ಪದವಿಗಳನ್ನು ಹಂಚಿಕೊಟ್ಟು ಮುಗಿಸುವ ಓದು ಅವರ ಕೃತಿಯ ವಿಶ್ವಾಸವನ್ನು ಅದರ ಶಿಖರಗಳಲ್ಲಿ ಮಾತ್ರ ಹುಡುಕುತ್ತದೆ. ಆ ವಿಶ್ವಾಸ ಕಣಿವೆಗಳಲ್ಲಿಯೂ ಕೆಲಸ ಮಾಡುತ್ತಿದೆಯೇ ಎಂಬುದನ್ನು ಅದು ವಿಚಾರಿಸುವುದಿಲ್ಲ.

ಈ ಲೇಖನದಲ್ಲಿ ನಾನು ಪರಿಶೀಲಿಸುವುದು ಕೆಲವೇ ಪುಟಗಳಲ್ಲಿ ಬಂದು ಮರೆಯಾಗುವ ಒಬ್ಬ ಬುಡಕಟ್ಟು ಮುಖಂಡನನ್ನು. ದ್ರುಆದನ್ ಅರಣ್ಯದ ಕಾಡುಜನರ ಹಿರಿಯನಾದ ಈತನ ಹೆಸರು ಘಾನ್-ಬುರಿ-ಘಾನ್. 2003ರ ಪ್ರಸಿದ್ಧ ಚಲನಚಿತ್ರದಲ್ಲಿ ಈತ ಇಲ್ಲವೇ ಇಲ್ಲ. ಈತನಿಲ್ಲದೆಯೂ ಕಥೆ ಮುಂದೆ ಸಾಗುತ್ತದೆ ಎಂದು ಚಿತ್ರ ತಯಾರಿಸಿದವರು ಭಾವಿಸಿರಬೇಕು. ಘಟನಾವಳಿಯ ಮಟ್ಟಿಗೆ ಅದು ಸಾಧ್ಯವೂ ಹೌದು. ಆದರೆ ಕೃತಿಯ ನೈತಿಕ ವಿನ್ಯಾಸದಿಂದ ಈತನನ್ನು ತೆಗೆದರೆ ಅರಗಾರ್ನನ ರಾಜತ್ವವೇ ಬಡವಾಗುತ್ತದೆ. ತಮ್ಮವರಾಗದೆಯೇ ತಮಗೆ ನೆರವಾದವರಿಗೆ ಬಲವುಳ್ಳವರು ಸಲ್ಲಿಸಬೇಕಾದುದು ಏನು? ಈ ಪ್ರಶ್ನೆಯನ್ನು ಟೋಲ್ಕಿನ್ ಎತ್ತಿರುವುದು ಘಾನ್‌ನ ಮೂಲಕ. ಅವರು ಕೊಟ್ಟಿರುವ ಉತ್ತರದಲ್ಲಿ ಎಷ್ಟು ಸತ್ಯವಿದೆ, ಎಷ್ಟು ಕೊರತೆಯಿದೆ ಎಂಬುದನ್ನು ಅಳೆಯುವುದು ಇಲ್ಲಿನ ಉದ್ದೇಶ.

ಕಥೆಯಲ್ಲಿ ಆತನ ಸ್ಥಾನ

1955ರಲ್ಲಿ ಪ್ರಕಟವಾದ ಮೂರನೆಯ ಸಂಪುಟದ ಐದನೆಯ ಪರ್ವದ ಐದನೆಯ ಅಧ್ಯಾಯವು ಆರು ಸಾವಿರ ಸವಾರರ ಸೇನೆಯೊಂದು ಕತ್ತಲಲ್ಲಿ ತಂಗಿರುವುದರೊಂದಿಗೆ ತೊಡಗುತ್ತದೆ. ರೋಹನ್ ದೇಶದ ವೃದ್ಧ ಅರಸ ಥಿಯೊಡೆನ್, ಶತ್ರುಗಳು ಮುತ್ತಿರುವ ಮಿನಾಸ್ ತಿರಿತ್ ನಗರಕ್ಕೆ ನೆರವಾಗಲು ಹೊರಟಿದ್ದಾನೆ. ಹಿಂದೆ ಮಾಡಿದ ಪ್ರತಿಜ್ಞೆಯೊಂದು ಅವನನ್ನು ಕರೆದಿದೆ. ಆದರೆ ಮುಂದಿನ ಹೆದ್ದಾರಿಯನ್ನು ಶತ್ರುಸೇನೆ ಹಳ್ಳ ತೋಡಿ, ಗೂಟ ನೆಟ್ಟು ಮುಚ್ಚಿಬಿಟ್ಟಿದೆ. ಕಾದಾಡಿಕೊಂಡು ಹೋದರೆ ನಗರ ಉಳಿಯುವುದಿಲ್ಲ, ಕಾಯುತ್ತ ಕುಳಿತರೂ ಉಳಿಯುವುದಿಲ್ಲ. ಕಾಡಿನೊಳಗಿನಿಂದ ಡೋಲಿನ ಸದ್ದು ಕೇಳಿಬರುವುದು ಆ ಹೊತ್ತಿನಲ್ಲಿ. ಕಾಡುಜನರು ತಾವಾಗಿಯೇ ನೆರವು ನೀಡಲು ಮುಂದಾಗಿದ್ದಾರೆ. ಅವರ ಮುಖಂಡನನ್ನು ಅರಸನ ಬಳಿಗೆ ಕರೆತರಲಾಗುತ್ತದೆ.

ಈ ಭೇಟಿಯನ್ನು ನಾವು ನೋಡುವುದು ಮೆರಿ ಎಂಬ ಹಾಬಿಟ್ಟನ ಕಣ್ಣಿನಿಂದ. ಅವನು ಅರಸನ ಅಪ್ಪಣೆ ಮೀರಿ ಗುಟ್ಟಾಗಿ ಸೇನೆಯೊಡನೆ ಬಂದವನು. ಯಾರೂ ಲೆಕ್ಕಕ್ಕೆ ಹಿಡಿಯದವನು. ಅವನು ತೆವಳಿಕೊಂಡು ಹತ್ತಿರ ಹೋಗಿ ಮರೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಾನೆ. ಗಿಡ್ಡ ಕಾಲುಗಳ, ದಪ್ಪ ತೋಳುಗಳ, ಸೊಂಟಕ್ಕೆ ಹುಲ್ಲು ಮಾತ್ರ ಸುತ್ತಿಕೊಂಡಿರುವ, ಹಳೆಯ ಕಲ್ಲಿನಂತೆ ಗಂಟುಗಂಟಾದ ಮನುಷ್ಯನೊಬ್ಬ ಅರಸನೆದುರು ಕುಳಿತಿದ್ದಾನೆ. ಆಗ ಮೆರಿಗೆ ನೆನಪಾಗುವುದು ಡನ್‌ಹ್ಯಾರೋ ಬೆಟ್ಟದ ದಾರಿಯ ತಿರುವುಗಳಲ್ಲಿ ತಾನು ಕಂಡಿದ್ದ ಪುರಾತನ ಕಲ್ಲಿನ ಪ್ರತಿಮೆಗಳು. ಆ ಪ್ರತಿಮೆಗಳು ಯಾರವೆಂಬುದನ್ನು ರೋಹನ್‌ನವರು ಮರೆತಿದ್ದರು. ದಿನವೂ ಅವುಗಳ ಮುಂದೆ ಹಾದುಹೋಗುವ ಸವಾರರು ಅವುಗಳತ್ತ ಕಣ್ಣೆತ್ತಿ ನೋಡುತ್ತಿರಲಿಲ್ಲ. ಹೊರಗಿನವನಾದ ಮೆರಿ ಮಾತ್ರ ಅವುಗಳನ್ನು ಬೆರಗಿನಿಂದಲೂ ಕನಿಕರಕ್ಕೆ ಹತ್ತಿರವಾದ ಭಾವದಿಂದಲೂ ನೋಡಿದ್ದನು. ಈಗ ಆ ಕಲ್ಲಿನ ರೂಪವೇ ಜೀವ ತಳೆದು ಕುಳಿತಿದೆ. ಮರೆತುಹೋದವರು ಇನ್ನೂ ಬದುಕಿದ್ದಾರೆ ಎಂಬುದನ್ನು ಗುರುತಿಸಿದವನು ಸೇನೆಯಲ್ಲಿ ಯಾರ ಗಣನೆಗೂ ಬಾರದ ಒಬ್ಬನು.

ಘಾನ್ ತರುವ ನೆರವು ಒಂದು ದಾರಿ. ಗೊಂಡೋರಿನ ಜನರು ತಮ್ಮ ವೈಭವದ ಕಾಲದಲ್ಲಿ ಬೆಟ್ಟಗಳನ್ನು ಕಡಿದು, ಬಂಡಿಗಳಲ್ಲಿ ಕಲ್ಲು ಸಾಗಿಸಲು ಮಾಡಿಕೊಂಡಿದ್ದ ಅಗಲವಾದ ದಾರಿಯದು. ಅದನ್ನು ಮಾಡಿದವರೇ ಮರೆತಿದ್ದಾರೆ, ಶತ್ರುವಿಗೂ ಗೊತ್ತಿಲ್ಲ. ಕಾಡುಜನರು ಮಾತ್ರ ಅದನ್ನು ಬಲ್ಲರು. ಅಂದರೆ, ನಾಗರಿಕರ ಸ್ವಂತ ದಾರಿಯ ನೆನಪನ್ನು ಉಳಿಸಿಕೊಂಡಿರುವವರು ನಾಗರಿಕರಲ್ಲದವರು. 'ಅಪಾಯಕಾರಿ ಸ್ಮರಣೆ'ಯನ್ನು ಕುರಿತು ಬರೆದ ಜರ್ಮನ್ ದೈವಶಾಸ್ತ್ರಜ್ಞ ಯೋಹಾನ್ ಬಾಪ್ಟಿಸ್ಟ್ ಮೆಟ್ಸ್, ನೊಂದವರ ನೆನಪು ಗೆದ್ದವರ ಇತಿಹಾಸವನ್ನು ತಡೆದು ನಿಲ್ಲಿಸುತ್ತದೆ ಎಂದು ವಾದಿಸಿದರು. ಇಲ್ಲಿ ಆ ನೆನಪು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತನ್ನನ್ನು ನೋಯಿಸಿದವರನ್ನೇ ಕಾಪಾಡುತ್ತದೆ.

ಚಿತ್ರಣದ ಪ್ರಶ್ನೆ

ಪ್ರಾಮಾಣಿಕ ವಿಮರ್ಶೆ ಇಲ್ಲಿ ಒಂದು ಆಕ್ಷೇಪಕ್ಕೆ ಮುಖ ಕೊಡಬೇಕು. ಹುಲ್ಲಿನ ಉಡುಗೆ, ಡೋಲಿನ ಸದ್ದು, ವಿಷಬಾಣ, ತೊದಲು ಭಾಷೆ, ದೊಡ್ಡವರ ಯುದ್ಧಕ್ಕೆ ಉಪಕಾರ ಮಾಡಿ ಸದ್ದಿಲ್ಲದೆ ಮರೆಯಾಗುವುದು: ಇವೆಲ್ಲ ವಸಾಹತು ಕಾಲದ ಸಾಹಸಕಥೆಗಳಲ್ಲಿ ಬರುವ 'ಒಳ್ಳೆಯ ಕಾಡುಮನುಷ್ಯ'ನ ಲಕ್ಷಣಗಳಲ್ಲವೇ? ಹೌದು, ಅವೇ. ಟೋಲ್ಕಿನ್ ಹುಟ್ಟಿದ್ದು 1892ರಲ್ಲಿ, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೀನಿನಲ್ಲಿ; ಬೆಳೆದದ್ದು ಸಾಮ್ರಾಜ್ಯದ ತಾರುಣ್ಯ ಮುಗಿಯದ ಇಂಗ್ಲೆಂಡಿನಲ್ಲಿ. ಆ ಕಾಲದ ಕಥಾಸಾಮಗ್ರಿ ಅವರ ಕೈಗೂ ಬಂದಿತ್ತು. ಇನ್ನೊಂದು ಮೂಲವೂ ಇದೆ. ಈ ಜನರಿಗೆ ರೋಹನ್‌ನವರು ಇಟ್ಟ ಹೆಸರು ಹಳೆಯ ಇಂಗ್ಲಿಷಿನಲ್ಲಿ ಕಾಡುಮನುಷ್ಯನನ್ನು ಸೂಚಿಸುವ ಪದದಿಂದ ಬಂದುದು. ಅಂಥ ಕಾಡುಮನುಷ್ಯರು ಸುಳಿಯುವ 'ಸರ್ ಗವೈನ್ ಮತ್ತು ಹಸಿರು ಯೋಧ' ಎಂಬ ಮಧ್ಯಯುಗದ ಕಾವ್ಯವನ್ನು 1925ರಲ್ಲಿ ಸಂಪಾದಿಸಿದವರಲ್ಲಿ ಟೋಲ್ಕಿನ್ನರೂ ಒಬ್ಬರು. ಆ ಕಾವ್ಯಲೋಕದಲ್ಲಿ ಕಾಡುಮನುಷ್ಯ ವೀರನು ದಾರಿಯಲ್ಲಿ ಎದುರಿಸಬೇಕಾದ ಅಪಾಯ. ಟೋಲ್ಕಿನ್ನರಲ್ಲಿ ಅವನು ಮಾತನಾಡುತ್ತಾನೆ. ಆ ಮಾತಿನಲ್ಲಿಯೇ ಚಿತ್ರಣದ ದಿಕ್ಕು ಬದಲಾಗುತ್ತದೆ.

ಭಾಷೆಯನ್ನೇ ಗಮನಿಸೋಣ. ಘಾನ್ ತಡವರಿಸುತ್ತ, ನಡುನಡುವೆ ತನ್ನ ನುಡಿಯ ಪದಗಳನ್ನು ಬೆರೆಸುತ್ತ ಮಾತನಾಡುತ್ತಾನೆ. ಓದುಗನಿಗೆ ಇದು ಬುದ್ಧಿಯ ಕೊರತೆಯಂತೆ ತೋರಬಹುದು. ಆದರೆ ಅವನು ಆಡುತ್ತಿರುವುದು ಎದುರಿನವರ ಭಾಷೆಯನ್ನು. ಅರಸನಾಗಲಿ ಸೇನಾನಿಗಳಾಗಲಿ ಅವನ ನುಡಿಯಲ್ಲಿ ಒಂದು ಪದವನ್ನಾದರೂ ಆಡುವುದನ್ನು ಕಾದಂಬರಿ ತೋರಿಸುವುದಿಲ್ಲ. ಭಾಷೆಯ ದೂರವನ್ನು ದಾಟಿ ಬಂದವನು ಕಾಡಿನವನು. ಕುಳಿತಲ್ಲಿಯೇ ಕುಳಿತವರು ನಾಡಿನವರು. ಪರಭಾಷೆಯಲ್ಲಿ ತಡವರಿಸುವವನನ್ನು ಅಜ್ಞಾನಿಯೆಂದು ಎಣಿಸುವುದು ಎಷ್ಟು ಸುಲಭವೆಂಬುದನ್ನು ಧರ್ಮಪ್ರಚಾರದ ಇತಿಹಾಸವನ್ನು ಓದಿದವರು ಬಲ್ಲರು.

ಎರಡನೆಯದು ಎಣಿಕೆ. ಹೆದ್ದಾರಿಯಲ್ಲಿ ಶತ್ರುಗಳ ಸಂಖ್ಯೆ ಹೆಚ್ಚೆಂದು ಘಾನ್ ಹೇಳಿದಾಗ, ಅರಸನ ಸೋದರಳಿಯ ಯೋಮರ್ ಅದು ನಿನಗೆ ಹೇಗೆ ಗೊತ್ತೆಂದು ಕೇಳುತ್ತಾನೆ. ಮುಖಂಡನ ಮುಖದಲ್ಲಿ ಏನೂ ಕಾಣುವುದಿಲ್ಲ; ಆದರೆ ದನಿಯಲ್ಲಿ ಅಸಮಾಧಾನವಿದೆ. ಕಾಡಿನವರು ಸ್ವತಂತ್ರರೇ ಹೊರತು ಮಕ್ಕಳಲ್ಲ ಎಂಬ ಅರ್ಥದ ಮಾತನ್ನು ಅವನು ಆಡುತ್ತಾನೆ. ನಂತರ ಇಪ್ಪತ್ತನ್ನು ಇಪ್ಪತ್ತು ಬಾರಿ ಎಣಿಸಿ, ಅದನ್ನು ಮತ್ತೆ ಹದಿನೈದು ಬಾರಿ ಎಣಿಸಿ, ಸೇನೆಯ ಲೆಕ್ಕವನ್ನು ಅದರ ನಾಯಕರಿಗೇ ಒಪ್ಪಿಸುತ್ತಾನೆ. ಗುಣಿಸಿ ನೋಡಿದರೆ ಸರಿಯಾಗಿ 6,000. ಕತ್ತಲಲ್ಲಿ, ತನ್ನದಲ್ಲದ ಸೇನೆಯನ್ನು, ತನ್ನದೇ ಎಣಿಕೆಯ ಕ್ರಮದಲ್ಲಿ ಅವನು ತಪ್ಪಿಲ್ಲದೆ ಎಣಿಸಿದ್ದಾನೆ. ಆತನ ಮಾತು ಚತುರವಾದುದೆಂದು ಯೋಮರ್ ಒಪ್ಪಬೇಕಾಗುತ್ತದೆ. ಟೋಲ್ಕಿನ್ ಇಲ್ಲಿ ಉಪನ್ಯಾಸ ಕೊಡುವುದಿಲ್ಲ. ಒಂದು ಲೆಕ್ಕವನ್ನು ಕೊಟ್ಟು, ಅದನ್ನು ಪರೀಕ್ಷಿಸುವ ಕೆಲಸವನ್ನು ಓದುಗನಿಗೆ ಬಿಡುತ್ತಾರೆ.

ಮೂರನೆಯದು ಮೈತ್ರಿಯ ಮಿತಿ. ತನ್ನ ಜನರು ಯುದ್ಧ ಮಾಡುವವರಲ್ಲ, ಬೇಟೆಯಾಡುವವರು. ಓರ್ಕರನ್ನು ಕಾಡಿನಲ್ಲಿ ಕೊಲ್ಲುವರೇ ಹೊರತು ಸೇನೆಯೊಡನೆ ನಗರಕ್ಕೆ ಬರಲಾರರು ಎಂದು ಘಾನ್ ಮೊದಲೇ ತಿಳಿಸುತ್ತಾನೆ. ತಮಗೆ ನೆರವಾಗುವವರು ತಮ್ಮ ಧ್ವಜದ ಕೆಳಗೆ ಸೇರಬೇಕೆಂದು ಬಯಸುವುದು ಬಲವುಳ್ಳವರ ಸ್ವಭಾವ. ಘಾನ್ ಯಾವ ಧ್ವಜದ ಕೆಳಗೂ ನಿಲ್ಲುವುದಿಲ್ಲ. ನೆರವಿನ ಷರತ್ತುಗಳನ್ನು ಗೊತ್ತುಪಡಿಸುವವನು ನೆರವು ಕೊಡುವವನೇ.

ಬಹುಮಾನದ ನಿರಾಕರಣೆ

ಸಂಭಾಷಣೆಯ ಕೇಂದ್ರಕ್ಕೆ ಈಗ ಬರೋಣ. ನೀವು ನಂಬಿಕೆಗೆ ಅರ್ಹರಾಗಿ ನಡೆದರೆ ದೊಡ್ಡ ಬಹುಮಾನವನ್ನೂ ನಮ್ಮ ನಾಡಿನ ನಿತ್ಯಸ್ನೇಹವನ್ನೂ ಪಡೆಯುವಿರಿ ಎಂದು ಥಿಯೊಡೆನ್ ವಾಗ್ದಾನ ಮಾಡುತ್ತಾನೆ. ಈ ಮಾತಿನಲ್ಲಿ ಔದಾರ್ಯವಿದೆ. ಜೊತೆಗೆ ಒಂದು ಶಂಕೆಯೂ ಇದೆ. ನಂಬಿಕೆಯನ್ನು ಸಾಬೀತುಪಡಿಸಬೇಕಾದವರು ಕಾಡಿನವರೇ. ಘಾನ್‌ನ ಉತ್ತರ ಆ ತಕ್ಕಡಿಯನ್ನು ತಿರುಗಿಸುತ್ತದೆ. ಸತ್ತವರು ಬದುಕಿರುವವರಿಗೆ ಸ್ನೇಹಿತರಾಗಲಾರರು, ಉಡುಗೊರೆಯನ್ನೂ ಕೊಡಲಾರರು ಎಂಬುದನ್ನು ಅವನು ಮೊದಲು ನೆನಪಿಸುತ್ತಾನೆ. ಕತ್ತಲು ಕಳೆದ ಮೇಲೆ ನೀವು ಬದುಕಿ ಉಳಿದರೆ, ನಮ್ಮನ್ನು ನಮ್ಮ ಕಾಡಿನಲ್ಲಿ ನಮ್ಮ ಪಾಡಿಗೆ ಬಿಡಿ; ಇನ್ನು ಮುಂದೆ ಮೃಗಗಳಂತೆ ಬೇಟೆಯಾಡಬೇಡಿ ಎಂಬುದು ಅವನ ಕೋರಿಕೆ.

ಈ ಒಂದು ಕೋರಿಕೆಯಿಂದ ಇಡೀ ದೃಶ್ಯದ ಅರ್ಥ ಬದಲಾಗುತ್ತದೆ. ಅಲ್ಲಿಯವರೆಗೆ ಓದುಗನು ರೋಹನ್‌ನವರನ್ನು ಕುದುರೆ, ಹಾಡು, ಪ್ರತಿಜ್ಞೆಗಳನ್ನು ಪ್ರೀತಿಸುವ ಧೀರರೆಂದು ಬಲ್ಲನು. ಅವರು ಮನುಷ್ಯರನ್ನು ಬೇಟೆಯಾಡಿದ್ದಾರೆಂದು ಯಾರೂ ಹೇಳಿರಲಿಲ್ಲ. ಸ್ವಲ್ಪ ಮುಂಚೆ ಎಲ್ಫ್‌ಹೆಲ್ಮ್ ಎಂಬ ಸೇನಾನಿ ಮೆರಿಗೆ ಈ ಜನರ ಪರಿಚಯ ಮಾಡಿಕೊಡುವಾಗ, ಅವರ ಎಚ್ಚರವನ್ನು ಮೃಗಗಳ ಎಚ್ಚರಕ್ಕೆ ಹೋಲಿಸಿದ್ದನು. ಆಗ ಅದು ನಿರಪಾಯವಾದ ಹೋಲಿಕೆಯಾಗಿ ಕೇಳಿಸಿತ್ತು. ಘಾನ್ ಅದೇ ಮೃಗದ ಮಾತನ್ನೆತ್ತಿದಾಗ ಅದರ ಬೆಲೆ ತಿಳಿಯುತ್ತದೆ. ಮನುಷ್ಯರನ್ನು ಮೃಗಗಳಿಗೆ ಹೋಲಿಸುವ ರೂಢಿ ಬೇಟೆಗೆ ದೂರದ್ದಲ್ಲ. ಸಜ್ಜನರ ಬಾಯಲ್ಲಿ ಉಳಿದಿರುವ ಇಂಥ ಮಾತುಗಳು ಅವರ ಪೂರ್ವಜರ ಕೈಗಳ ನೆನಪನ್ನು ಹೊತ್ತಿರುತ್ತವೆ.

ನೀತಿದೈವಶಾಸ್ತ್ರದ ಭಾಷೆಯಲ್ಲಿ ಇದನ್ನು ಹೀಗೆ ಹೇಳಬಹುದು. ಥಿಯೊಡೆನ್ ಮಾತನಾಡುತ್ತಿರುವುದು ಔದಾರ್ಯದ ನೆಲೆಯಿಂದ. ಘಾನ್ ಕೇಳುತ್ತಿರುವುದು ನ್ಯಾಯವನ್ನು. ಸಂತ ಥಾಮಸ್ ಅಕ್ವಿನಾಸರು ಬೋಧಿಸುವಂತೆ, ಪ್ರತಿಯೊಬ್ಬನಿಗೂ ಅವನದಾದುದನ್ನು ಸಲ್ಲಿಸುವ ಸ್ಥಿರ ಸಂಕಲ್ಪವೇ ನ್ಯಾಯ. ಬೇಟೆಗೆ ಬಲಿಯಾಗದೆ ಬದುಕುವುದು ಬಹುಮಾನವಲ್ಲ, ಅದು ಪ್ರತಿಯೊಬ್ಬನ ಹಕ್ಕು. ಅದನ್ನು ಬಹುಮಾನದಂತೆ ಕೇಳಬೇಕಾಗಿ ಬಂದದ್ದೇ ಅನ್ಯಾಯದ ಆಳವನ್ನು ತೋರಿಸುತ್ತದೆ. ಬಾಕಿಯಿರುವ ನ್ಯಾಯವನ್ನು ಸಲ್ಲಿಸದೆ ಕೊಡುವ ಉಡುಗೊರೆ ಪ್ರೀತಿಯ ವೇಷವನ್ನು ತೊಡಬಲ್ಲದು, ಪ್ರೀತಿಯಾಗಲಾರದು. ಅರಸನು ಈ ಕೋರಿಕೆಗೆ ವಾದ ಹೂಡುವುದಿಲ್ಲ, ಹಾಗೆಯೇ ಆಗಲಿ ಎನ್ನುತ್ತಾನೆ. ಅವನು ಕ್ಷಮೆ ಕೇಳುವುದನ್ನಾಗಲಿ, ಲಜ್ಜೆಪಡುವುದನ್ನಾಗಲಿ ಕಾದಂಬರಿ ಬರೆಯುವುದಿಲ್ಲ. ಇದು ಗಮನಿಸಬೇಕಾದ ಮೌನ.

ನಿಮ್ಮನ್ನು ದಾರಿ ತಪ್ಪಿಸಿದರೆ ನನ್ನನ್ನು ಕೊಲ್ಲಿರಿ ಎಂದು ಘಾನ್ ತನ್ನ ದೇಹವನ್ನೇ ಒತ್ತೆಯಿಡುವುದೂ ಈ ಸಂದರ್ಭದಲ್ಲಿಯೇ. ಬೆನ್ಯಾಮೀನನಿಗಾಗಿ ತಾನೇ ಹೊಣೆಯೆಂದ ಯೂದ (ಆದಿಕಾಂಡ 43:9), ಶ್ರೇಷ್ಠವಾದ ಒಡಂಬಡಿಕೆಗೆ ಹೊಣೆಯಾದ ಯೇಸು (ಹಿಬ್ರಿಯರಿಗೆ 7:22) ನಮಗೆ ನೆನಪಾಗುವುದು ಸಹಜ. ಆದರೆ ಇವನನ್ನೂ ಕ್ರಿಸ್ತಸದೃಶ ಪಾತ್ರಗಳ ಪಟ್ಟಿಗೆ ಸೇರಿಸಿ ಸುಮ್ಮನಾಗುವ ಆತುರ ಬೇಡ. ಹಾಗೆ ಮಾಡಿದರೆ ಅವನ ಕೋರಿಕೆಗೆ ನಾವು ಕಿವುಡರಾಗುತ್ತೇವೆ. ಅವನು ನಮ್ಮ ಸಂಕೇತವಾಗಲು ಬಂದವನಲ್ಲ. ಎದುರು ಕುಳಿತು ಒಂದು ಮಾತು ಕೇಳಿದವನು.

ಪವಿತ್ರ ಗ್ರಂಥದ ಬೆಳಕು

ಪವಿತ್ರ ಗ್ರಂಥದಲ್ಲಿ ಘಾನ್‌ಗೆ ಅತಿ ಹತ್ತಿರದವನು ಹೋಬಾಬ. ಸೀನಾಯಿಯಿಂದ ಹೊರಟ ಮೋಶೆ, ತನ್ನ ಮಾವನ ಕಡೆಯ ಮಿದ್ಯಾನ್ಯನಾದ ಹೋಬಾಬನನ್ನು ತಮ್ಮೊಡನೆ ಬರುವಂತೆ ಬೇಡಿಕೊಳ್ಳುತ್ತಾನೆ (ಸಂಖ್ಯಾಕಾಂಡ 10:29-32). ಸರ್ವೇಶ್ವರನ ಮೇಘವೇ ಮುಂದೆ ನಡೆಯುತ್ತಿರುವಾಗಲೂ, ಮರುಭೂಮಿಯಲ್ಲಿ ಎಲ್ಲಿ ಬಿಡಾರ ಹೂಡಬೇಕೆಂದು ಬಲ್ಲ ಮನುಷ್ಯನ ಕಣ್ಣು ಮೋಶೆಗೆ ಬೇಕಾಗಿದೆ. ಹೋಬಾಬನು ಮೊದಲು ಒಪ್ಪುವುದಿಲ್ಲ. ತನ್ನ ನಾಡಿಗೆ, ತನ್ನ ಬಂಧುಗಳ ಬಳಿಗೆ ಹೋಗುವೆನೆನ್ನುತ್ತಾನೆ. ಸರ್ವೇಶ್ವರನು ನಮಗೆ ಮಾಡುವ ಒಳಿತಿನಲ್ಲಿ ನಿನಗೂ ಪಾಲುಂಟು ಎಂದು ಮೋಶೆ ಮಾತು ಕೊಡುತ್ತಾನೆ. ದೈವದರ್ಶನ ಪಡೆದ ಜನಾಂಗಕ್ಕೂ ಆ ನೆಲವನ್ನು ಬಲ್ಲವರ ದರ್ಶನ ಬೇಕೆಂಬ ವಿನಯ ಈ ನಾಲ್ಕು ವಚನಗಳಲ್ಲಿದೆ.

ಇಂಥ ಮಾತುಗಳಿಗೆ ಮುಂದೆ ಏನಾಗುತ್ತದೆ ಎಂಬುದನ್ನು ಇಸ್ರಯೇಲಿನ ಇತಿಹಾಸ ಬೇರೆ ಬೇರೆ ರೀತಿಯಲ್ಲಿ ತೋರಿಸುತ್ತದೆ. ಮೋಶೆಯ ಮಾವನ ವಂಶದವರಾದ ಕೇನ್ಯರಿಗೆ ಸಂಬಂಧಿಸಿದ ಋಣವನ್ನು ಅರಸ ಸೌಲನು ತಲೆಮಾರುಗಳ ನಂತರವೂ ನೆನೆದು, ಅಮಾಲೇಕ್ಯರೊಡನೆ ಅವರು ನಾಶವಾಗದಂತೆ ನೋಡಿಕೊಳ್ಳುತ್ತಾನೆ (1 ಸಮುವೇಲ 15:6). ಅದೇ ಸೌಲನು ಗಿಬ್ಯೋನ್ಯರಿಗೆ ಇಸ್ರಯೇಲರು ಕೊಟ್ಟಿದ್ದ ಪ್ರಮಾಣವನ್ನು ಮುರಿಯುತ್ತಾನೆ. ಆ ರಕ್ತಾಪರಾಧದ ಫಲವಾಗಿ ದಾವೀದನ ಕಾಲದಲ್ಲಿ ಮೂರು ವರ್ಷ ಬರಗಾಲ ಬರುತ್ತದೆ (2 ಸಮುವೇಲ 21:1-2). ಪಿತ್ರಾರ್ಜಿತ ಭೂಮಿಯನ್ನು ಬಿಟ್ಟುಕೊಡಲಾರೆನೆಂದ ನಾಬೋತನಿಗೆ ಅಹಾಬನು ಮೊದಲು ಒಡ್ಡಿದ್ದು ನ್ಯಾಯವಾಗಿ ಕಾಣುವ ಬೆಲೆಯನ್ನೇ. ಕೊನೆಗೆ ಅವನಿಗೆ ದೊರೆತದ್ದು ಕಲ್ಲೇಟು (1 ಅರಸುಗಳು 21). ಒಬ್ಬ ಅರಸನು ಒಂದೆಡೆ ಋಣವನ್ನು ನೆನೆದು ಇನ್ನೊಂದೆಡೆ ಪ್ರಮಾಣವನ್ನು ಮರೆಯಬಲ್ಲನು. ಹಾಗಾದರೆ ಟೋಲ್ಕಿನ್ನರ ಅರಸರು ಯಾರ ಸಾಲಿನಲ್ಲಿ ನಿಲ್ಲುತ್ತಾರೆ?

ಶವಯಾತ್ರೆಯಲ್ಲಿ ಸಂದ ಋಣ

ಮಾತು ಕೊಟ್ಟ ಥಿಯೊಡೆನ್ ಮರುದಿನವೇ ರಣರಂಗದಲ್ಲಿ ಮಡಿಯುತ್ತಾನೆ. ಸತ್ತವರು ಉಡುಗೊರೆ ಕೊಡಲಾರರೆಂದು ಘಾನ್ ಎಚ್ಚರಿಸಿದ್ದು ಅಕ್ಷರಶಃ ನಿಜವಾಗುತ್ತದೆ. ಕಾಡುಜನರಿಗೆ ಕೊಟ್ಟ ಮಾತಿಗೆ ಈಗ ಹೊಣೆ ಯಾರು? ಕಥೆ ಆ ಪ್ರಶ್ನೆಯನ್ನು ನೂರಾರು ಪುಟಗಳಷ್ಟು ದೂರ ಸುಮ್ಮನೆ ಹೊತ್ತು ಸಾಗುತ್ತದೆ. ಆರನೆಯ ಪರ್ವದ ಆರನೆಯ ಅಧ್ಯಾಯದಲ್ಲಿ, ಯುದ್ಧ ಮುಗಿದು, ಪಟ್ಟಾಭಿಷೇಕವಾಗಿ, ಥಿಯೊಡೆನ್ನನ ಪಾರ್ಥಿವ ಶರೀರವನ್ನು ತಾಯ್ನಾಡಿಗೆ ಕೊಂಡೊಯ್ಯುವ ಮೆರವಣಿಗೆ ಅದೇ ಬೆಟ್ಟಗಳ ಬುಡಕ್ಕೆ ಬರುತ್ತದೆ. ಮತ್ತೆ ಡೋಲಿನ ಸದ್ದು ಕೇಳುತ್ತದೆ, ಒಂದು ಜೀವಿಯೂ ಕಾಣುವುದಿಲ್ಲ. ಅರಗಾರ್ನನು ಕಹಳೆಗಳನ್ನು ಊದಿಸುತ್ತಾನೆ. ದ್ರುಆದನ್ ಅರಣ್ಯವು ಘಾನ್-ಬುರಿ-ಘಾನ್‌ನಿಗೂ ಅವನ ಜನರಿಗೂ ಎಂದೆಂದಿಗೂ ಸೇರಿದುದು, ಅವರ ಅಪ್ಪಣೆಯಿಲ್ಲದೆ ಇನ್ನು ಯಾರೂ ಅದರೊಳಗೆ ಕಾಲಿಡಕೂಡದು ಎಂದು ರಾಜದೂತರು ಸಾರುತ್ತಾರೆ. ಡೋಲುಗಳು ಒಮ್ಮೆ ಗಟ್ಟಿಯಾಗಿ ಮೊಳಗಿ ಮೌನವಾಗುತ್ತವೆ.

ಈ ಘೋಷಣೆಯ ಸ್ಥಳವನ್ನು ಗಮನಿಸಬೇಕು. ಸತ್ತ ಅರಸನ ಶವಬಂಡಿಯ ಎದುರಿನಲ್ಲಿಯೇ ಅವನ ಋಣ ತೀರುತ್ತದೆ. ಆ ಬಂಡಿಯ ಮೇಲೆ ಅರಸನ ಆಯುಧಗಳನ್ನು ಹಿಡಿದು ಕುಳಿತಿರುವವನು ಮೆರಿ. ಆ ರಾತ್ರಿ ಮರೆಯಲ್ಲಿ ಕುಳಿತು ಮಾತುಕತೆಯನ್ನು ಕೇಳಿಸಿಕೊಂಡವನು. ಮಾತು ಕೊಟ್ಟವನೂ ಸಾಕ್ಷಿಯಾದವನೂ ಅಲ್ಲಿದ್ದಾರೆ. ಸತ್ತವರು ಉಡುಗೊರೆ ಕೊಡಲಾರರು ಎಂಬ ಕಾಡಿನ ವಿವೇಕವನ್ನು ಟೋಲ್ಕಿನ್ ಸುಳ್ಳಾಗಿಸುವುದಿಲ್ಲ. ಸತ್ತವರ ಮಾತನ್ನು ಬದುಕಿರುವವರು ತಮ್ಮದಾಗಿಸಿಕೊಳ್ಳಬಲ್ಲರು ಎಂಬ ಇನ್ನೊಂದು ಸತ್ಯವನ್ನು ಅದರ ಪಕ್ಕದಲ್ಲಿ ಇಡುತ್ತಾರೆ. ಸಂತರ ಅನ್ಯೋನ್ಯತೆಯನ್ನು ವಿಶ್ವಾಸಪ್ರಮಾಣದಲ್ಲಿ ಅರಿಕೆ ಮಾಡುವ ನಮಗೆ ಇದು ಅಪರಿಚಿತ ಸತ್ಯವಲ್ಲ. ಹಿಂದಿನವರ ಪುಣ್ಯದಲ್ಲಿ ಪಾಲು ಕೇಳುವವರು ಅವರ ಸಾಲದಲ್ಲಿಯೂ ಪಾಲುದಾರರು. ರಾಜತ್ವಕ್ಕೆ ಗುಣಪಡಿಸುವ ಕೈ ಒಂದು ಗುರುತಾದರೆ, ತಾನು ಮಾಡದ ಸಾಲವನ್ನು ತೀರಿಸುವ ಬಾಯಿ ಇನ್ನೊಂದು ಗುರುತು.

ಕೊಡುಗೆಯೋ, ಮಾನ್ಯತೆಯೋ

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅರಗಾರ್ನನ ಘೋಷಣೆಯ ಕ್ರಿಯಾಪದ ಕೊಡುವುದು. ಆ ಕಾಡಿನಲ್ಲಿ ಗೊಂಡೋರಿಗಿಂತ ಮೊದಲಿನಿಂದಲೂ ಇದ್ದವರಿಗೆ ಅದನ್ನು ಕೊಡಲು ಗೊಂಡೋರಿನ ಅರಸನು ಯಾರು? ಘಾನ್ ಭೂಮಿಯನ್ನು ಕೇಳಿರಲಿಲ್ಲ. ತಮ್ಮನ್ನು ತಮ್ಮ ಪಾಡಿಗೆ ಬಿಡಿರೆಂದಷ್ಟೇ ಕೇಳಿದ್ದನು. ಭೂಮಿ ತನ್ನದೆಂಬುದರ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ.

ಧರ್ಮಸಭೆಯ ಇತಿಹಾಸದಲ್ಲಿ ಇದು ಬರಿಯ ವ್ಯಾಕರಣದ ಪ್ರಶ್ನೆಯಾಗಿರಲಿಲ್ಲ. ಹದಿನೈದನೆಯ ಶತಮಾನದ ಕೆಲವು ಜಗದ್ಗುರುಗಳ ಆಜ್ಞಾಪತ್ರಗಳು, 1493ರ 'ಇಂತೆರ್ ಚೆತೆರಾ'ವೂ ಸೇರಿದಂತೆ, ಅನ್ಯರ ನೆಲವನ್ನು ಐರೋಪ್ಯ ಅರಸರಿಗೆ ಕೊಡುವ ಮಾತನ್ನಾಡಿದವು. 1537ರಲ್ಲಿ ಜಗದ್ಗುರು ಮೂರನೆಯ ಪೌಲರು 'ಸುಬ್ಲಿಮಿಸ್ ದೇಉಸ್' ಎಂಬ ಪತ್ರದಲ್ಲಿ, ಅಮೆರಿಕದ ಮೂಲನಿವಾಸಿಗಳು ನಿಜವಾದ ಮನುಷ್ಯರು, ವಿಶ್ವಾಸದ ಹೊರಗಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಸ್ವತ್ತನ್ನಾಗಲಿ ಕಸಿಯಕೂಡದು ಎಂದು ಸಾರಿದರು. ಎರಡು ವರ್ಷಗಳ ನಂತರ ದೊಮಿನಿಕನ್ ಸಭೆಯ ಫ್ರಾನ್ಸಿಸ್ಕೋ ದೆ ವಿತೋರಿಯಾ ಸಲಮಾಂಕಾದಲ್ಲಿ, ಸ್ಪೇನಿನವರು ಬರುವ ಮೊದಲೇ ಆ ಜನರು ತಮ್ಮ ನೆಲದ ನಿಜವಾದ ಒಡೆಯರಾಗಿದ್ದರೆಂದು ವಾದಿಸಿದರು. ಒಡೆಯನಿಗೆ ಅವನ ಸ್ವತ್ತನ್ನು ಯಾರೂ ಕೊಡಲಾರರು. ಅವನ ಒಡೆತನವನ್ನು ಮಾನ್ಯಮಾಡಬಲ್ಲರು, ಇಲ್ಲವೇ ಉಲ್ಲಂಘಿಸಬಲ್ಲರು. 2023ರ ಮಾರ್ಚ್ 30ರಂದು ವ್ಯಾಟಿಕನ್ನಿನ ಎರಡು ವಿಭಾಗಗಳು ಜಂಟಿ ಹೇಳಿಕೆ ಹೊರಡಿಸಿ, 'ಶೋಧನೆಯ ಸಿದ್ಧಾಂತ'ವು ಕಥೋಲಿಕ ಬೋಧನೆಯ ಭಾಗವಲ್ಲವೆಂದೂ, ಆ ಹಳೆಯ ಆಜ್ಞಾಪತ್ರಗಳು ಮೂಲನಿವಾಸಿಗಳ ಸಮಾನ ಘನತೆಯನ್ನೂ ಹಕ್ಕುಗಳನ್ನೂ ತಕ್ಕಷ್ಟು ಪ್ರತಿಬಿಂಬಿಸಲಿಲ್ಲವೆಂದೂ ಒಪ್ಪಿಕೊಂಡವು. ಮೂಲನಿವಾಸಿಗಳ ನೆಲದ ಮೇಲೆ ಪರಿಣಾಮ ಬೀರುವ ಯೋಜನೆಗಳಲ್ಲಿ ಅವರೇ ಮುಖ್ಯ ಸಂವಾದಿಗಳಾಗಬೇಕು, ಅವರಿಗೆ ಭೂಮಿಯು ಸರಕಲ್ಲ, ದೇವರಿಂದಲೂ ಪೂರ್ವಜರಿಂದಲೂ ಬಂದ ವರದಾನವೆಂದು ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪರಿಪತ್ರದ 146ನೆಯ ಪರಿಚ್ಛೇದದಲ್ಲಿ ಬೋಧಿಸಿದ್ದಾರೆ.

ನಮ್ಮ ದೇಶದ ಶಾಸನವೂ ಇದೇ ಭೇದವನ್ನು ಗುರುತಿಸಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪೂರ್ಣ ಶೀರ್ಷಿಕೆಯಲ್ಲಿರುವ ಪದ 'ಮಾನ್ಯತೆ'. ಅರಣ್ಯವಾಸಿಗಳಿಗೆ ಆದ ಚಾರಿತ್ರಿಕ ಅನ್ಯಾಯವನ್ನು ಅದರ ಪೀಠಿಕೆ ಹೆಸರಿಸುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತದ್ದು ಈ ಕಾಯ್ದೆಯ ಅಡಿಯಲ್ಲಿಯೇ. ಈ ಮಾನದಂಡದಿಂದ ಅಳೆದರೆ ಅರಗಾರ್ನನ ಘೋಷಣೆಯ ಮೊದಲರ್ಧ ಹಳೆಯ ರಾಜಭಾಷೆಗೆ ಸೇರಿದುದು. ಎರಡನೆಯ ಅರ್ಧ ಮಾತ್ರ ಮಾನ್ಯತೆಯ ಕಡೆಗೆ ತಿರುಗುತ್ತದೆ: ಅವರ ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ ಎಂದಾಗ ಅರಸನು ತನ್ನ ಜನರಿಗಷ್ಟೇ ಅಲ್ಲ, ತನಗೂ ಗಡಿ ಹಾಕಿಕೊಳ್ಳುತ್ತಾನೆ. ಕೊಡುವ ಅಧಿಕಾರವಿದೆಯೆಂದು ತೊಡಗಿದ ಮಾತು, ಒಳಬರುವ ಅಧಿಕಾರವಿಲ್ಲವೆಂದು ಮುಗಿಯುತ್ತದೆ. ಮುಖಂಡನನ್ನು ಮತ್ತೊಮ್ಮೆ ತನ್ನೆದುರಿಗೆ ಕರೆಸಿಕೊಳ್ಳದೆ, ಕಾಡಿನ ಅಂಚಿನಲ್ಲಿ ನಿಂತು ಸಾರಿಸಿ ಅರಸನು ಮುಂದೆ ಸಾಗುತ್ತಾನೆ. ಧನ್ಯವಾದವನ್ನು ಸ್ವೀಕರಿಸುವ ಶ್ರಮವನ್ನೂ ಅವನು ಆ ಜನರಿಗೆ ಕೊಡುವುದಿಲ್ಲ.

ಕೃತಿಯ ಮಿತಿ

ಇಷ್ಟಾದರೂ ಟೋಲ್ಕಿನ್ನರ ಚಿತ್ರ ಪೂರ್ಣವಲ್ಲ. ದಾರಿ ತೋರಿಸಿ ಮುಗಿದ ಮೇಲೆ ಘಾನ್ ನೆಲಕ್ಕೆ ಹಣೆ ಮುಟ್ಟಿಸಿ ಬೀಳ್ಕೊಳ್ಳುತ್ತಾನೆ, ಗಾಳಿಯ ದಿಕ್ಕು ಬದಲಾಗುತ್ತಿರುವುದನ್ನು ಎಲ್ಲರಿಗಿಂತ ಮೊದಲು ಗ್ರಹಿಸಿ ತಿಳಿಸುತ್ತಾನೆ, ನಂತರ ಮರೆಯಾಗುತ್ತಾನೆ. ರೋಹನ್ನಿನ ಸವಾರರು ಅವನನ್ನು ಮತ್ತೆಂದೂ ಕಾಣುವುದಿಲ್ಲ. ಅವನ ಜನರಲ್ಲಿ ಬೇರೆ ಯಾರ ಹೆಸರೂ ನಮಗೆ ತಿಳಿಯದು. ಅವರ ಹೆಂಗಸರು, ಮಕ್ಕಳು, ಪ್ರಾರ್ಥನೆಗಳು, ಅವರ ಸತ್ತವರು ಯಾರೂ ಕಥೆಯೊಳಗೆ ಬರುವುದಿಲ್ಲ. ರೋಹನ್ನಿನ ಮಡಿದವರಿಗೆ ಹಾಡುಗಳಿವೆ. ಬೇಟೆಗೆ ಬಲಿಯಾದ ಕಾಡಿನವರಿಗೆ ಹಾಡಿಲ್ಲ. ಅರಸರ ಉದಾತ್ತತೆಯನ್ನು ಬೆಳಗಿಸುವಷ್ಟು ಹೊತ್ತು ಮಾತ್ರ ಅವರು ಬೆಳಕಿನಲ್ಲಿ ನಿಲ್ಲುತ್ತಾರೆ.

ಈ ಕೊರತೆಯನ್ನು ಟೋಲ್ಕಿನ್ ಕೊನೆಯವರೆಗೂ ಹಾಗೆಯೇ ಬಿಡಲಿಲ್ಲ. ಅವರು 1973ರಲ್ಲಿ ನಿಧನರಾದ ಮೇಲೆ, ಅವರ ಮಗ ಕ್ರಿಸ್ಟೋಫರ್ 1980ರಲ್ಲಿ ಪ್ರಕಟಿಸಿದ 'ಅನ್‌ಫಿನಿಶ್ಡ್ ಟೇಲ್ಸ್' ಸಂಪುಟದಲ್ಲಿ ಈ ಜನರನ್ನು ಕುರಿತ ಬರಹವೊಂದಿದೆ. ಅಲ್ಲಿ ಅವರಿಗೆ ಇತಿಹಾಸವಿದೆ, ಸುತ್ತಲಿನವರನ್ನೂ ನಗಿಸುವ ನಗುವಿದೆ, ಗಿಡಮೂಲಿಕೆಗಳ ಜ್ಞಾನವಿದೆ. ಎಲ್ಫ್ ಜನರು ಅವರನ್ನು ಗೌರವಾನ್ವಿತ ಮಾನವಕುಲಗಳ ಹೆಸರಿನಿಂದಲೇ ಕರೆದರು. ಅಲ್ಲಿನ ಒಂದು ಕಥೆಯಲ್ಲಿ ಆಘಾನ್ ಎಂಬ ವೈದ್ಯನು ಗೆಳೆಯನ ಮನೆಯನ್ನು ಕಾಯಲು ತನ್ನ ರೂಪದ ಕಲ್ಲೊಂದನ್ನು ನಿಲ್ಲಿಸಿ ಹೋಗುತ್ತಾನೆ. ಶತ್ರುಗಳು ಹಚ್ಚಿದ ಬೆಂಕಿಯನ್ನು ಆ ಕಲ್ಲು ತುಳಿದು ಆರಿಸುತ್ತದೆ. ಹಿಂದಿರುಗಿದ ವೈದ್ಯನ ಕಾಲುಗಳಲ್ಲಿ ಸುಟ್ಟ ಗಾಯಗಳಿರುತ್ತವೆ. ತಾನು ಮಾಡಿದ ವಸ್ತುವಿಗೆ ತನ್ನ ಶಕ್ತಿಯನ್ನು ಎರೆದವನು ಅದರ ನೋವಿನಲ್ಲಿಯೂ ಪಾಲು ಪಡೆಯಬೇಕೆಂಬುದು ಕಥೆಯ ತಿರುಳು. ದಾರಿಬದಿಯ ಕಲ್ಲೆಂದು ಎಲ್ಲರೂ ಕಡೆಗಣಿಸಿದ್ದ ರೂಪಕ್ಕೆ ನೋಯುವ ಶರೀರವಿದೆ ಎಂಬುದನ್ನು ಲೇಖಕರು ತಡವಾಗಿಯಾದರೂ ಬರೆದರು. ಮುಖ್ಯಕೃತಿಯಲ್ಲಿ ಅದಕ್ಕೆ ಎಡೆ ದೊರೆಯಲಿಲ್ಲ ಎಂಬುದೂ ಸತ್ಯವಾಗಿಯೇ ಉಳಿಯುತ್ತದೆ.

ಗುರುಮಠದ ಓದಿಗೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ಆದ್ ಜೆಂತೆಸ್' ಆದೇಶವು (1965), ಜನಾಂಗಗಳ ಪರಂಪರೆಗಳಲ್ಲಿ ಅಡಗಿರುವ ವಾಕ್ಯದ ಬೀಜಗಳನ್ನು ಸಂತೋಷದಿಂದಲೂ ಗೌರವದಿಂದಲೂ ಗುರುತಿಸಬೇಕೆಂದು ಕೇಳಿಕೊಳ್ಳುತ್ತದೆ. ಅರಣ್ಯದಂಚಿನ ಧರ್ಮಕೇಂದ್ರಗಳಿಗೆ ಹೋಗಲಿರುವ ಗುರು ಅಭ್ಯರ್ಥಿಗಳು ಈ ಬೋಧನೆಯನ್ನು ಪರೀಕ್ಷೆಗಾಗಿ ಓದಿರುತ್ತಾರೆ. ಆದರೆ ಅಲ್ಲಿಗೆ ಕಾಲಿಟ್ಟಾಗ ನಮ್ಮ ಮೊದಲ ಪ್ರಶ್ನೆ ಹೆಚ್ಚಾಗಿ ಥಿಯೊಡೆನ್ನನ ಪ್ರಶ್ನೆಯೇ ಆಗಿರುತ್ತದೆ: ಇವರಿಗೆ ನಾವು ಏನು ಕೊಡಬಹುದು? ಶಾಲೆ, ಔಷಧಾಲಯ, ಕೊಡುಗೆಗಳು, ಕೊನೆಗೆ ನಮ್ಮ ಸ್ನೇಹ. ಇವು ಯಾವುವೂ ಕೆಟ್ಟವಲ್ಲ. ಆದರೆ ಒಳ್ಳೆಯ ಸಮಾರಿಯದವನ ಸಾಮತಿಯನ್ನು ಹೇಳಿ ಮುಗಿಸಿದಾಗ ಪ್ರಭು ಯೇಸು ಕೇಳಿದ್ದು, ಗಾಯಗೊಂಡು ಬಿದ್ದಿದ್ದವನಿಗೆ ನೆರೆಯವನಾದವನು ಯಾರು ಎಂದು (ಲೂಕ 10:36). ಆ ಪ್ರಶ್ನೆಯಲ್ಲಿ ನಮ್ಮ ಸ್ಥಾನ ಕೆಲವೊಮ್ಮೆ ಬಿದ್ದಿರುವವನದೇ. ಆರು ಸಾವಿರ ಸವಾರರ ಅರಸನು ಆ ರಾತ್ರಿ ದಾರಿ ಕಾಣದೆ ಬಿದ್ದಿದ್ದನು. ನೆರೆಯವನಾದವನು ಹುಲ್ಲು ಸುತ್ತಿಕೊಂಡ ಮುದುಕನು.

ಘಾನ್-ಬುರಿ-ಘಾನ್‌ನನ್ನು ಓದುವುದರಿಂದ ಆಗುವ ಲಾಭವೆಂದರೆ, ಕೊಡುವ ಪ್ರಶ್ನೆಗೆ ಮೊದಲು ಇನ್ನೆರಡು ಪ್ರಶ್ನೆಗಳಿವೆಯೆಂದು ತಿಳಿಯುವುದು. ಈ ಜನರಿಂದ ನಾವು ಈಗಾಗಲೇ ಪಡೆದಿರುವುದೇನು? ಅವರಿಗೆ ನಾವು ಮಾಡುವುದನ್ನು ನಿಲ್ಲಿಸಬೇಕಾದುದೇನು? ಎರಡನೆಯ ಪ್ರಶ್ನೆಗೆ ಉತ್ತರವನ್ನು ನಾವಾಗಿ ಕಂಡುಕೊಳ್ಳಲಾರೆವು. ಅದನ್ನು ಅವರ ಬಾಯಿಂದ, ಸಾಧ್ಯವಾದರೆ ಅವರ ನುಡಿಯಲ್ಲಿ ಕೇಳಬೇಕು. ಕೇಳಿದ ಮೇಲೆ ಹಾಗೆಯೇ ಆಗಲಿ ಎನ್ನಬೇಕು. ಅಂದವರು ವರ್ಗವಾಗಿ ಹೋದರೂ, ತೀರಿಹೋದರೂ, ಅವರ ನಂತರ ಬರುವವರು ಆ ಮಾತನ್ನು ಉಳಿಸಿಕೊಳ್ಳಬೇಕು.